ಹಿರಿಯರ ಹೆಸರಿನ ದತ್ತಿನಿಧಿ ಕಟ್ಟುವ ಬಗೆ: ಪ್ರೇಮಚಂದ ರಾಯಚಂದರಿಂದ ಮುಂಬಯಿ ಕನ್ನಡಿಗರು ಕಲಿಯಬಹುದಾದದ್ದು

ಚರ್ಚ್‌ಗೇಟಿನಲ್ಲಿ ಇಳಿದು ಓವಲ್ ಮೈದಾನ ದಾಟಿ ಕೆಲಸಕ್ಕೆ ಹೋಗುವವರು ರಾಜಾಬಾಯಿ ಗಡಿಯಾರ ಗೋಪುರವನ್ನು ದಿನವೂ ನೋಡುತ್ತಾರೆ. ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅಂಟಿಕೊಂಡು 280 ಅಡಿ ಎತ್ತರಕ್ಕೆ ನಿಂತಿರುವ ಆ ಗೋಪುರ, ಒಬ್ಬ ಜೈನ ದಲ್ಲಾಳಿ ತನ್ನ ತಾಯಿಯ ಹೆಸರಿನಲ್ಲಿ ಇಟ್ಟ ದತ್ತಿ. ನಮ್ಮ ಸಂಘಗಳಲ್ಲಿ ಅಪ್ಪನ ಹೆಸರಿನ ವಿದ್ಯಾರ್ಥಿವೇತನ, ಅಮ್ಮನ ಹೆಸರಿನ ದತ್ತಿ ಉಪನ್ಯಾಸ ಇಡಲು ಹಣ ಹಿಡಿದು ಬರುವವರು ಮೊದಲು ಆ ಗೋಪುರದ ಕಥೆಯನ್ನು ತಿಳಿದುಕೊಂಡರೆ ಒಳ್ಳೆಯದು. ಆಮೇಲೆ ಮಾಡಬೇಕಾದ ಕೆಲಸಗಳ ಹಿಂದಿನ ಕಾರಣ ಅದರಲ್ಲೇ ಇದೆ.

ಪ್ರೇಮಚಂದ ರಾಯಚಂದರು 1831ರಲ್ಲಿ ಸೂರತ್‌ನಲ್ಲಿ ಹುಟ್ಟಿದವರು. ಮುಂಬಯಿಗೆ ಬಂದು ಹತ್ತಿ ಮತ್ತು ಷೇರಿನ ದಲ್ಲಾಳಿಯಾದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಾಯಿತು. ಮುಂಬಯಿ ಹತ್ತಿಗೆ ಚಿನ್ನದ ಬೆಲೆ ಬಂತು. ನಾಲ್ಕು ವರ್ಷ ಊರಿಗೆ ಊರೇ ಷೇರಿನ ಹುಚ್ಚಿಗೆ ಬಿದ್ದಿತ್ತು, ಅದರ ನಡುಮಧ್ಯದಲ್ಲಿ ಪ್ರೇಮಚಂದರಿದ್ದರು. ಆ ಏರಿಕೆಯ ಕಾಲದಲ್ಲೇ, 1864ರ ಆಗಸ್ಟಿನಲ್ಲಿ, ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆಂದು 2 ಲಕ್ಷ ರೂಪಾಯಿ ಕೊಟ್ಟರು. ಅಕ್ಟೋಬರಿನಲ್ಲಿ ದೊಡ್ಡ ಗಡಿಯಾರ ಮತ್ತು ಗಂಟೆಗಳಿರುವ ಗೋಪುರಕ್ಕೆಂದು ಇನ್ನೊಂದು 2 ಲಕ್ಷ ಕೊಟ್ಟರು. ಅದಕ್ಕೆ ತಾಯಿ ರಾಜಾಬಾಯಿಯ ಹೆಸರಿಡಬೇಕು ಎಂಬುದಷ್ಟೇ ಕೋರಿಕೆ. ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಜೈನ ವ್ರತಕ್ಕೆ ಗಂಟೆಯ ಸದ್ದು ನೆರವಾಗಲೆಂದು ಮಗ ಗೋಪುರ ಕಟ್ಟಿಸಿದ ಎಂದು ಊರಲ್ಲಿ ಹೇಳುತ್ತಾರೆ. ಜನ ಹೇಳುವ ಕಥೆಯಾಗಿಯೇ ಅದನ್ನು ಇಟ್ಟುಕೊಳ್ಳೋಣ.

1865ರಲ್ಲಿ ಯುದ್ಧ ನಿಂತಿತು, ಹತ್ತಿ ಬೆಲೆ ಕುಸಿಯಿತು. ಜುಲೈ 1ರಂದು ವಾಯಿದೆ ವ್ಯಾಪಾರದ (ಮುಂದಿನ ದಿನಕ್ಕೆ ಈಗಲೇ ಬೆಲೆ ಗೊತ್ತುಮಾಡುವ ವ್ಯಾಪಾರದ) ಲೆಕ್ಕ ಚುಕ್ತಾ ಆಗಬೇಕಿತ್ತು. ಕೊಡಬೇಕಾದವರ ಕೈಯಲ್ಲಿ ಹಣವಿರಲಿಲ್ಲ. ಮರುವರ್ಷ ಪ್ರೇಮಚಂದರೇ ದಿವಾಳಿಯಾದರು. ಆದರೆ ಗೋಪುರದ ಕೆಲಸ 1869ರಲ್ಲಿ ಶುರುವಾಗಿ 1878ರಲ್ಲಿ ಮುಗಿಯಿತು. ಒಟ್ಟು ಖರ್ಚು ಸುಮಾರು ಐದೂವರೆ ಲಕ್ಷ. ಕೊಟ್ಟವರ ಸಂಪತ್ತು ಕರಗಿತು, ಕೊಟ್ಟದ್ದು ಕರಗಲಿಲ್ಲ. ಅವರು ಕೊಟ್ಟಾಗ ಪೂರ್ತಿ ಕೊಟ್ಟಿದ್ದರು. ಹಣ ಬೇರೊಂದು ಸಂಸ್ಥೆಯದಾಗಿತ್ತು, ಉದ್ದೇಶ ಬರೆದಿಟ್ಟದ್ದಾಗಿತ್ತು. 1866ರಲ್ಲಿ ಅವರು ಕೊಟ್ಟ 2 ಲಕ್ಷದಿಂದ ಕಲಕತ್ತಾ ವಿಶ್ವವಿದ್ಯಾಲಯದಲ್ಲಿ ನಿಂತ ವಿದ್ಯಾರ್ಥಿವೇತನದ ಹೆಸರು ‘ಪಿ.ಆರ್.ಎಸ್.’ (ಪ್ರೇಮಚಂದ ರಾಯಚಂದ ಸ್ಕಾಲರ್) ಎಂಬ ಮೂರಕ್ಷರವಾಗಿ ವಿದ್ವಾಂಸರ ಹೆಸರಿನ ಮುಂದೆ ಪದವಿಯಂತೆ ಕೂತಿತು. ಶಿಕ್ಷಣತಜ್ಞ ಆಶುತೋಷ್ ಮುಖರ್ಜಿಯವರು ಅದನ್ನು ಪಡೆದವರಲ್ಲಿ ಒಬ್ಬರು. ಪ್ರೇಮಚಂದರು 1906ರಲ್ಲಿ ತೀರಿಕೊಂಡರು.

ಇದಕ್ಕೆ ಪ್ರತಿಯಾಗಿ ನಮ್ಮಲ್ಲಿ ನಡೆಯುವುದೇನು? ಮಗ ತಿಥಿಯ ದಿನ ವೇದಿಕೆಯಲ್ಲಿ 2 ಲಕ್ಷ ಘೋಷಿಸುತ್ತಾನೆ. ಚೆಕ್ ಎರಡು ಕಂತಿನಲ್ಲಿ ಬರುತ್ತದೆ. ಸಂಘದ ಖಜಾಂಚಿ ಅದನ್ನು ಸಾಮಾನ್ಯ ಖಾತೆಗೆ ಹಾಕುತ್ತಾರೆ. ನಾಲ್ಕು ವರ್ಷ ಬಹುಮಾನ ನಡೆಯುತ್ತದೆ. ಸಮಿತಿ ಬದಲಾಗುತ್ತದೆ. ಹತ್ತನೆಯ ವರ್ಷ ‘ಆ ದತ್ತಿ ಏನಾಯಿತು’ ಎಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಬಹುತೇಕ ಕಡೆ ಯಾರೂ ಹಣ ತಿಂದಿರುವುದಿಲ್ಲ. ಕಾಗದ ಇರುವುದಿಲ್ಲ, ಅಷ್ಟೆ. ಅದು ಹಾಗಾಗದಂತೆ ಮಾಡುವ ಕ್ರಮ ಮುಂದಿದೆ.

ಸ್ವಂತ ಟ್ರಸ್ಟೋ, ಸಂಘದಲ್ಲಿ ದತ್ತಿಯೋ

ಮೊದಲ ನಿರ್ಧಾರ ಇದು. ಹೆಚ್ಚಿನ ಕುಟುಂಬಗಳು ಇಲ್ಲಿ ತಪ್ಪು ದಾರಿ ಹಿಡಿಯುತ್ತವೆ. ಅಪ್ಪನ ಹೆಸರಿನಲ್ಲಿ ಒಂದು ಟ್ರಸ್ಟ್ ಎಂದರೆ ಕೇಳಲು ಚೆನ್ನ. ಆದರೆ ಟ್ರಸ್ಟ್ ಎಂದರೆ ವರ್ಷವರ್ಷವೂ ಲೆಕ್ಕಪರಿಶೋಧನೆ, ಧರ್ಮಾದಾಯ ಆಯುಕ್ತರ (ಚಾರಿಟಿ ಕಮಿಷನರ್) ಕಚೇರಿಗೆ ಲೆಕ್ಕ, ಆದಾಯ ತೆರಿಗೆ ವಿವರ, ದಾನಿಗಳ ವಿವರ, ಟ್ರಸ್ಟಿಗಳು ಬದಲಾದಾಗಲೆಲ್ಲ ವರದಿ. ಇದಕ್ಕೆ ಚಾರ್ಟರ್ಡ್ ಅಕೌಂಟೆಂಟರ ಶುಲ್ಕ ಎಷ್ಟೆಂದು ಮೊದಲೇ ಕೇಳಿ, ಆ ಮೊತ್ತವನ್ನು ನಿಮ್ಮ ಮೂಲನಿಧಿಯ ವರ್ಷದ ಬಡ್ಡಿಯ ಪಕ್ಕದಲ್ಲಿ ಬರೆದು ನೋಡಿ. 5 ಲಕ್ಷದ ಬಡ್ಡಿ ಶೇಕಡಾ 7ರಂತೆ 35,000 ರೂಪಾಯಿ. ಅದರಲ್ಲಿ 15–20 ಸಾವಿರ ಲೆಕ್ಕಪತ್ರಕ್ಕೇ ಹೋದರೆ ಉಳಿಯುವುದು ಒಂದು ಮಗುವಿನ ಪುಸ್ತಕದ ಖರ್ಚು.

ನಮ್ಮ ಅಭಿಪ್ರಾಯ ನೇರವಾಗಿ ಹೇಳುವುದಾದರೆ, 25 ಲಕ್ಷಕ್ಕಿಂತ ಕಡಿಮೆ ಇದ್ದರೆ ಸ್ವಂತ ಟ್ರಸ್ಟ್ ಬೇಡ. ಈಗಾಗಲೇ ನೋಂದಣಿಯಾಗಿ ಲೆಕ್ಕ ಸರಿಯಾಗಿ ಇಟ್ಟುಕೊಂಡಿರುವ ಸಂಘ, ಶಿಕ್ಷಣ ಸಂಸ್ಥೆ ಅಥವಾ ವಿಶ್ವವಿದ್ಯಾಲಯದಲ್ಲಿ ದತ್ತಿ ಇಡಿ. ಪ್ರೇಮಚಂದರೂ ಎರಡೂ ಕಡೆ ಮಾಡಿದ್ದು ಅದನ್ನೇ. ವಿಶ್ವವಿದ್ಯಾಲಯಗಳ ಕೈಗೆ ಕೊಟ್ಟರು. ಸಂಘವನ್ನು ಆರಿಸುವಾಗ ಭಾಷಣ ಕೇಳಬೇಡಿ, ಮೂರು ಕಾಗದ ಕೇಳಿ: ಸಾರ್ವಜನಿಕ ಟ್ರಸ್ಟ್ ನೋಂದಣಿ ಪ್ರಮಾಣಪತ್ರ, ಕಳೆದ ಮೂರು ವರ್ಷದ ಲೆಕ್ಕಪರಿಶೋಧನಾ ವರದಿ, ಧರ್ಮಾದಾಯ ಕಚೇರಿಯ ‘ಅನುಸೂಚಿ 1’ರ ಈಚಿನ ಉತಾರೆ (ದಾಖಲೆಯ ನಕಲು). ಮೂರನೆಯದೇ ಮುಖ್ಯ. ಅದರಲ್ಲಿ ಟ್ರಸ್ಟಿಗಳೆಂದು ಇರುವ ಹೆಸರುಗಳೂ ಈಗ ಕಚೇರಿ ನಡೆಸುತ್ತಿರುವವರ ಹೆಸರುಗಳೂ ಹೊಂದದಿದ್ದರೆ, ಆ ಸಂಸ್ಥೆಯಲ್ಲಿ ವರ್ಷಗಳಿಂದ ಬದಲಾವಣೆ ವರದಿ ಸಲ್ಲಿಸಿಲ್ಲ ಎಂದರ್ಥ. ಅದು ಸರಿಯಾಗುವವರೆಗೆ ಕಾಯಿರಿ.

ಬಡ್ಡಿಯ ಲೆಕ್ಕ

ದತ್ತಿ ಸಾಯುವುದು ಹೆಚ್ಚಾಗಿ ಕಳ್ಳತನದಿಂದಲ್ಲ, ಬೆಲೆಯೇರಿಕೆಯಿಂದ. ಹಳೆಯ ದತ್ತಿಗಳ ಪಟ್ಟಿಯಲ್ಲಿ ‘ಪ್ರಥಮ ಬಹುಮಾನ 51 ರೂಪಾಯಿ’ ಎಂದು ಓದುವಾಗ ನಗು ಬರುವುದಿಲ್ಲ, ಸಂಕಟವಾಗುತ್ತದೆ. ಇಟ್ಟ ದಿನ ಅದು ಒಂದು ತಿಂಗಳ ಶಾಲಾ ಶುಲ್ಕವಾಗಿತ್ತು.

5 ಲಕ್ಷ ಇಟ್ಟು, ಶೇಕಡಾ 7ರ ಬಡ್ಡಿಯನ್ನು ಪೂರ್ತಿ ಪ್ರತಿ ವರ್ಷ ಹಂಚಿದಿರಿ ಎನ್ನೋಣ. ಬೆಲೆ ವರ್ಷಕ್ಕೆ ಶೇಕಡಾ 5ರಷ್ಟು ಏರಿದರೆ, 20 ವರ್ಷದ ನಂತರ ಆ 5 ಲಕ್ಷದ ಕೊಳ್ಳುವ ಶಕ್ತಿ ಇಂದಿನ ಲೆಕ್ಕದಲ್ಲಿ 1 ಲಕ್ಷ 88 ಸಾವಿರ. ಅದರ ಬದಲು ಶೇಕಡಾ 4.5ರಷ್ಟನ್ನು ಹಂಚಿ, 2.5ರಷ್ಟನ್ನು ಮೂಲಕ್ಕೆ ಸೇರಿಸಿದರೆ, ಮೊದಲ ವರ್ಷ 22,500 ರೂಪಾಯಿ ಮಾತ್ರ ಕೊಡಲು ಸಿಗುತ್ತದೆ. ಆದರೆ 20 ವರ್ಷದಲ್ಲಿ ಮೂಲ 8 ಲಕ್ಷ 19 ಸಾವಿರವಾಗುತ್ತದೆ, ಕೊಡುವ ಮೊತ್ತ 36 ಸಾವಿರ ದಾಟುತ್ತದೆ. ಬೆಲೆಯೇರಿಕೆಯನ್ನು ಇದೂ ಪೂರ್ತಿ ಹಿಡಿಯುವುದಿಲ್ಲ. ಹಾಗಾಗಿ ಪುಣ್ಯತಿಥಿಗೋ ಹುಟ್ಟುಹಬ್ಬಕ್ಕೋ ಮನೆಯವರು 5–10 ಸಾವಿರವನ್ನು ಮೂಲಕ್ಕೇ ಸೇರಿಸುತ್ತ ಹೋಗಬೇಕು. ಒಂದು ಬಾರಿ ದೊಡ್ಡದಾಗಿ ಕೊಟ್ಟು ಮರೆಯುವುದಕ್ಕಿಂತ ಇದು ಮೇಲು.

ಇಲ್ಲಿ ತೆರಿಗೆ ಕಾನೂನಿನ ಒಂದು ಗಂಟು ಇದೆ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ತನ್ನ ವರ್ಷದ ಆದಾಯದಲ್ಲಿ ಶೇಕಡಾ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಲೇಬೇಕು. ಶೇಕಡಾ 15ನ್ನು ಮಾತ್ರ ಯಾರನ್ನೂ ಕೇಳದೆ ಉಳಿಸಿಕೊಳ್ಳಬಹುದು. ಸ್ವಂತ ಟ್ರಸ್ಟಿನ ಬಡ್ಡಿ 35,000 ಆದರೆ ಮೂಲಕ್ಕೆ ಸೇರಿಸಲು ಸಿಗುವುದು 5,250 ಮಾತ್ರ. ಅದಕ್ಕಿಂತ ಹೆಚ್ಚು ಉಳಿಸಬೇಕಾದರೆ ಯಾವ ಉದ್ದೇಶಕ್ಕೆ, ಎಷ್ಟು ವರ್ಷಕ್ಕೆ ಎಂದು ತೆರಿಗೆ ಇಲಾಖೆಗೆ ಮೊದಲೇ ಬರೆದುಕೊಡಬೇಕು. ಆದರೆ ಸಂಘದೊಳಗಿನ ದತ್ತಿಗೆ ಈ ತೊಡಕು ಕಡಿಮೆ. ಶೇಕಡಾ 85ರ ಲೆಕ್ಕ ಇಡೀ ಸಂಸ್ಥೆಯ ಆದಾಯದ ಮೇಲೆ. ಸಂಸ್ಥೆ ಬೇರೆ ಕೆಲಸಗಳಿಗೆ ಧಾರಾಳವಾಗಿ ಖರ್ಚು ಮಾಡುತ್ತಿದ್ದರೆ ನಿಮ್ಮ ದತ್ತಿಯ ಬಡ್ಡಿಯ ಮೂರನೆಯ ಒಂದು ಭಾಗವನ್ನು ಮೂಲಕ್ಕೆ ಸೇರಿಸಿದರೂ ಅಡ್ಡಿಯಾಗುವುದಿಲ್ಲ. ಸಣ್ಣ ದತ್ತಿಗೆ ಸಂಘವೇ ಸರಿ ಎನ್ನಲು ಇದು ಎರಡನೆಯ ಕಾರಣ.

ಠೇವಣಿ ಎಲ್ಲಿಡಬೇಕು? ಷೆಡ್ಯೂಲ್ಡ್ ಬ್ಯಾಂಕಿನಲ್ಲಿ, ಎಂದರೆ ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿರುವ ಬ್ಯಾಂಕಿನಲ್ಲಿ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ವಿಮೆಯ ರಕ್ಷಣೆ ಇರುವುದು ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ನಮ್ಮವರೇ ನಡೆಸುವ ಬ್ಯಾಂಕು, ಅರ್ಧ ಶೇಕಡಾ ಜಾಸ್ತಿ ಬಡ್ಡಿ ಎಂದು ಹತ್ತು ಲಕ್ಷವನ್ನು ಒಂದೇ ಕಡೆ ಇಡಬೇಡಿ. ಎರಡು–ಮೂರು ಬ್ಯಾಂಕಿಗೆ ಹಂಚಿ. ಠೇವಣಿ ರಸೀದಿಯ ಮೇಲೆ ಸಂಸ್ಥೆಯ ಹೆಸರೇ ಇರಬೇಕು. ಸಂಸ್ಥೆಯ ಪ್ಯಾನ್ ಕಾರ್ಡ್ ಕೈಗೆ ಸಿಕ್ಕಿಲ್ಲವೆಂದು ಖಜಾಂಚಿಯ ಸ್ವಂತ ಹೆಸರಿನಲ್ಲಿ ‘ಸದ್ಯಕ್ಕೆ’ ಇಟ್ಟ ಠೇವಣಿ, ಅವರು ಹಠಾತ್ತಾಗಿ ತೀರಿಕೊಂಡರೆ ಬ್ಯಾಂಕಿನ ಕಣ್ಣಿಗೆ ಅವರ ವಾರಸುದಾರರ ಆಸ್ತಿ.

ಹಾಗೆಂದು ಎಲ್ಲ ದಾನವೂ ಠೇವಣಿಯ ಬಡ್ಡಿಯ ಮೇಲೇ ನಿಲ್ಲಬೇಕಾಗಿಲ್ಲ. ಮೋತಿಶಾ ಎಂದು ಹೆಸರಾದ ಜೈನ ವರ್ತಕ ಮೋತಿಚಂದ ಅಮೀಚಂದರು ಸರ್ ಜಮ್‌ಸೇಟ್‌ಜಿ ಜೀಜೀಭಾಯಿಯವರ ಜೊತೆ 1834ರಲ್ಲಿ ಕಟ್ಟಿದ ಮುಂಬಯಿಯ ಪಾಂಜರಾಪೋಳಕ್ಕೆ (ಪ್ರಾಣಿಗಳ ಆಶ್ರಯತಾಣಕ್ಕೆ) ವರ್ತಕರು ತಮ್ಮ ವಹಿವಾಟಿನ ಮೇಲೆ ತಾವೇ ಹಾಕಿಕೊಂಡ ಸಣ್ಣ ಲಾಗಾ (ವಂತಿಗೆ) ಬಲ ಕೊಟ್ಟಿತು. ದನಕರುಗಳಿಗೆ ದಿನವೂ ಮೇವು ಬೇಕು; ದಿನದ ಖರ್ಚಿಗೆ ದಿನದ ಆದಾಯ. ಹೋಟೆಲು, ಕ್ಯಾಂಟೀನು ನಡೆಸುವ ಕನ್ನಡಿಗ ಕುಟುಂಬಗಳಿಗೆ ಈ ಮಾದರಿ ಚೆನ್ನಾಗಿ ಹೊಂದುತ್ತದೆ. ತಿಂಗಳ ವ್ಯಾಪಾರದಲ್ಲಿ ನೂರಕ್ಕೆ 25 ಪೈಸೆ ಎಂದು ಗೊತ್ತುಮಾಡಿ, ತಿಂಗಳ ಕೊನೆಗೆ ಖಾತೆಯಿಂದ ತಾನೇ ಹೋಗುವಂತೆ ಬ್ಯಾಂಕಿಗೆ ಹೇಳಿಬಿಡುವುದು. ಊಟ, ಔಷಧಿಯಂಥ ದಿನದ ಅಗತ್ಯಕ್ಕೆ ಇದು ಸರಿ. ವಿದ್ಯಾರ್ಥಿವೇತನಕ್ಕೆ ಮೂಲನಿಧಿ ಸರಿ.

ಉದ್ದೇಶವನ್ನು ಬರೆಯುವುದು

ಈ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲೇ. ಪ್ರೇಮಚಂದರು ಗ್ರಂಥಾಲಯಕ್ಕೆ ಹಣ ಕೊಡುವಾಗ ಅದು ಕಳೆದ ಕಾಲದ ಗ್ರಂಥಗಳಿಗೆ ಮಾತ್ರವಲ್ಲ, ಮುಂದೆ ಬರುವ ತಲೆಮಾರುಗಳ ಗ್ರಂಥಗಳಿಗೂ ಭಂಡಾರವಾಗಲಿ ಎಂಬ ಅರ್ಥದ ಮಾತು ಬರೆದಿದ್ದರು. ಯಾವ ವಿಷಯದ ಪುಸ್ತಕ, ಯಾವ ಭಾಷೆಯದು ಎಂದು ಕಟ್ಟಿಹಾಕಲಿಲ್ಲ. ಅದಕ್ಕೇ ಅದು ಇಂದಿಗೂ ಕೆಲಸ ಮಾಡುತ್ತದೆ.

ನಮ್ಮಲ್ಲಿ ಬರೆಯುವುದು ಹೇಗೆ? ‘ಇಂಥ ಕನ್ನಡ ರಾತ್ರಿಶಾಲೆಯ ಹತ್ತನೆಯ ತರಗತಿಯಲ್ಲಿ ಕನ್ನಡದಲ್ಲಿ ಪ್ರಥಮ ಬಂದವರಿಗೆ’. ಅಪ್ಪ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಅಲ್ಲೇ ಓದಿದವರು, ಆದ್ದರಿಂದ ಆ ಆಸೆ ಸಹಜ, ಗೌರವದ್ದು. ಆದರೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಒಂದೊಂದಾಗಿ ಮುಚ್ಚಿವೆ, ಕನ್ನಡ ಮಾಧ್ಯಮದ ತರಗತಿಗಳು ಬರಿದಾಗುತ್ತಿವೆ. ಶಾಲೆ ಮುಚ್ಚಿದ ದಿನ ದತ್ತಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬರೆದದ್ದಕ್ಕೆ ಕೊಡಲಾಗುವುದಿಲ್ಲ, ಬೇರೆಯದಕ್ಕೆ ಕೊಡುವ ಅಧಿಕಾರವಿಲ್ಲ. ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಲ್ಲಿ ಮೂಲ ಉದ್ದೇಶಕ್ಕೆ ಅತಿ ಹತ್ತಿರದ ಉದ್ದೇಶಕ್ಕೆ ತಿರುಗಿಸಿಕೊಳ್ಳಲು ದಾರಿ ಇದೆ, ಆದರೆ ಅದು ನ್ಯಾಯಾಲಯದ ದಾರಿ, 5 ಲಕ್ಷದ ದತ್ತಿಗೆ ಆಗಿಬರುವಂಥದ್ದಲ್ಲ.

ಆದ್ದರಿಂದ ಉದ್ದೇಶವನ್ನು ಮೂರು ಮೆಟ್ಟಿಲಾಗಿ ಬರೆಯಿರಿ. ಮೊದಲ ಮೆಟ್ಟಿಲು ನಿಮ್ಮ ಮನಸ್ಸಿನಲ್ಲಿರುವುದು: ಇಂಥ ಶಾಲೆಯ ವಿದ್ಯಾರ್ಥಿ. ಎರಡನೆಯದು: ಆ ಶಾಲೆ ಇಲ್ಲವಾದರೆ ಅಥವಾ ಎರಡು ವರ್ಷ ಸತತವಾಗಿ ಅರ್ಹರು ಸಿಗದಿದ್ದರೆ, ಮುಂಬಯಿ, ಠಾಣೆ, ರಾಯಗಡ ಜಿಲ್ಲೆಗಳ ಯಾವುದೇ ಶಾಲೆ, ಕಾಲೇಜಿನಲ್ಲಿ ಕನ್ನಡವನ್ನು ಒಂದು ವಿಷಯವಾಗಿ ಓದುವ ವಿದ್ಯಾರ್ಥಿ. ಮೂರನೆಯದು: ಅದೂ ಆಗದಿದ್ದರೆ ಓದಿಗೆ ಹಣದ ತೊಂದರೆ ಇರುವ ಯಾವುದೇ ವಿದ್ಯಾರ್ಥಿ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಳಿಯುವ ತೀರ್ಮಾನ ಯಾರದು, ಎಷ್ಟು ಜನ ಒಪ್ಪಬೇಕು ಎಂಬುದನ್ನೂ ಅಲ್ಲೇ ಬರೆಯಿರಿ. ಮೊತ್ತವನ್ನು ರೂಪಾಯಿಯಲ್ಲಿ ಬರೆಯಬೇಡಿ. ‘ವರ್ಷದ ಬಡ್ಡಿಯಲ್ಲಿ ಮೂರರಲ್ಲಿ ಎರಡು ಭಾಗ’ ಎಂದು ಬರೆಯಿರಿ.

ಜಾತಿಯ ಮಾತು. ‘ನಮ್ಮ ಸಮಾಜದ ಮಕ್ಕಳಿಗೆ ಮಾತ್ರ’ ಎಂಬ ಸಾಲನ್ನು ಬಹಳ ಮಂದಿ ಯೋಚಿಸದೆ ಸೇರಿಸುತ್ತಾರೆ. ಒಂದು ಧರ್ಮದ ಅಥವಾ ಜಾತಿಯ ಜನರಿಗಷ್ಟೇ ಮೀಸಲಾದ, ಹೊಸದಾಗಿ ಕಟ್ಟಿದ ಧರ್ಮಾರ್ಥ ಟ್ರಸ್ಟಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ದಾನದ ಮೊತ್ತವನ್ನು ತೆರಿಗೆಯ ಲೆಕ್ಕದಲ್ಲಿ ಕಳೆದುಕೊಳ್ಳುವ 80ಜಿ ಕಡಿತವೂ ದಾನಿಗಳಿಗೆ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳು ಎಂಬ ಮೀಸಲಿಗೆ ಈ ಅಡ್ಡಿ ಇಲ್ಲ. ಕನ್ನಡ ಓದುವವರು ಎನ್ನುವುದು ಜಾತಿಯಲ್ಲ, ಹಾಗಾಗಿ ಅದೂ ಸರಿ. ತೆರಿಗೆ ಒಂದು ಕಡೆ ಇರಲಿ. ರಾಜಾಬಾಯಿ ಗೋಪುರದ ಗ್ರಂಥಾಲಯದಲ್ಲಿ ಕೂತು ಓದಿದವರಲ್ಲಿ ಜೈನರೆಷ್ಟು ಎಂದು ಯಾರೂ ಎಣಿಸಲಿಲ್ಲ. ಗೋಪುರದ ಮೇಲೆ ಕೆತ್ತಿರುವ 24 ಮೂರ್ತಿಗಳೂ ಪಶ್ಚಿಮ ಭಾರತದ ಬೇರೆ ಬೇರೆ ಸಮುದಾಯಗಳ ಜನರದ್ದೇ.

ಶುಲ್ಕವೇ ಕೊಡಬೇಕೆಂದೂ ಇಲ್ಲ. ಜೈನ ಸಂಪ್ರದಾಯ ದಾನವನ್ನು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕಾಗಿ ಎಣಿಸುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ಬಲ್ಲ ನಮಗೆ ಶಾಸ್ತ್ರದಾನವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಬಯಿಯ ಮುತ್ತಿನ ವ್ಯಾಪಾರಿ ಮಾಣಿಕಚಂದ ಹೀರಾಚಂದ ಝವೇರಿಯವರು (1851–1914) ಇದನ್ನು ಬಹಳ ಸೂಕ್ಷ್ಮವಾಗಿ ಅರಿತಿದ್ದರು. ಊರಿಂದ ಬರುವ ಹುಡುಗನಿಗೆ ಪಟ್ಟಣದಲ್ಲಿ ದೊಡ್ಡ ಅಡ್ಡಿ ಶುಲ್ಕವಲ್ಲ, ತಲೆಯ ಮೇಲಿನ ಸೂರು ಎಂದು ಕಂಡು ವಿದ್ಯಾರ್ಥಿನಿಲಯಗಳನ್ನು ಕಟ್ಟಿಸಿದರು, ಸಿ.ಪಿ. ಟ್ಯಾಂಕಿನ ಹೀರಾಬಾಗ್ ಧರ್ಮಶಾಲೆ ತಂದೆಯ ಹೆಸರಿನದು. ಅವರು 1883ರಲ್ಲಿ ಯಾತ್ರೆಗೆಂದು ಮೂಡುಬಿದಿರೆಗೆ ಹೋದಾಗ ಅಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿದ್ದ, ಜೈನ ಸಿದ್ಧಾಂತದ ವ್ಯಾಖ್ಯಾನಗಳಾದ ಧವಳ ಗ್ರಂಥಗಳು ಶಿಥಿಲವಾಗುತ್ತಿರುವುದನ್ನು ಕಂಡರು. ಅವುಗಳನ್ನು ಪ್ರತಿ ಮಾಡಿಸುವ ಯತ್ನ ಸೊಲ್ಲಾಪುರದ ಹೀರಾಚಂದ ನೇಮಚಂದರ ಜೊತೆ ಸೇರಿ ಮೊಳೆಯಿತು. ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ, ಮಾಣಿಕಚಂದರು ಕಣ್ಮುಚ್ಚಿ 25 ವರ್ಷವಾದ ಮೇಲೆ. ಮೂಡುಬಿದಿರೆ ಕಡೆಯಿಂದ ಮುಂಬಯಿಗೆ ಬಂದ ಮನೆತನಗಳು ಈ ಋಣವನ್ನು ನೆನೆದು, ಬಹುಮಾನದ ಬದಲು ಹಾಸ್ಟೆಲ್ ಖರ್ಚಿಗೋ ಹಸ್ತಪ್ರತಿಗಳ ಡಿಜಿಟಲೀಕರಣಕ್ಕೋ ದತ್ತಿ ಇಡುವುದನ್ನು ಯೋಚಿಸಬಹುದು.

ಸಂಘಕ್ಕೆ ಕೊಡುವಾಗ

ಚೆಕ್ಕಿನ ಜೊತೆ ಒಂದು ಪತ್ರ ಇರಲೇಬೇಕು. ಅದರಲ್ಲಿ ‘ಈ ಮೊತ್ತವನ್ನು ಮೂಲನಿಧಿಯಾಗಿ ಕೊಡುತ್ತಿದ್ದೇನೆ, ಮೂಲವನ್ನು ಖರ್ಚು ಮಾಡತಕ್ಕದ್ದಲ್ಲ’ ಎಂಬ ವಾಕ್ಯ ಸ್ಪಷ್ಟವಾಗಿರಲಿ. ಈ ವಾಕ್ಯ ಇಲ್ಲದಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಸಂಸ್ಥೆಯ ಆ ವರ್ಷದ ಆದಾಯ, ಶೇಕಡಾ 85ರ ಖರ್ಚಿನ ನಿಯಮ ಅದಕ್ಕೂ ಬಡಿಯುತ್ತದೆ. ಪ್ರತಿ ಬಾರಿ ಮೂಲಕ್ಕೆ ಸೇರಿಸುವಾಗಲೂ ಇದೇ ಪತ್ರ ಮತ್ತೆ ಬೇಕು. ಕಾರ್ಯಕಾರಿ ಸಮಿತಿ ಅದನ್ನು ನಿರ್ಣಯವಾಗಿ ಅಂಗೀಕರಿಸಬೇಕು. ನಿರ್ಣಯದ ದಿನಾಂಕ, ಸಂಖ್ಯೆ, ಅಧ್ಯಕ್ಷ–ಕಾರ್ಯದರ್ಶಿಗಳ ಸಹಿ ಇರುವ ನಕಲು ನಿಮ್ಮ ಕೈಗೆ ಬರಬೇಕು. ರಸೀದಿಯ ಮೇಲೆ ‘ದೇಣಿಗೆ’ ಎಂದಷ್ಟೇ ಬರೆದಿದ್ದರೆ ಹಿಂದಿರುಗಿಸಿ ‘ಮೂಲನಿಧಿ’ ಎಂದು ಬರೆಸಿಕೊಳ್ಳಿ. ವರ್ಷದ ಜಮಾಖರ್ಚಿನಲ್ಲಿ ದತ್ತಿಯ ಹೆಸರು ಪ್ರತ್ಯೇಕ ಸಾಲಾಗಿ ಕಾಣಬೇಕು. ಇಷ್ಟಾದರೆ ಸಮಿತಿ ಎಷ್ಟು ಬಾರಿ ಬದಲಾದರೂ ಲೆಕ್ಕಪರಿಶೋಧಕರು ಅದನ್ನು ಕೇಳುತ್ತಲೇ ಇರುತ್ತಾರೆ. ವಿಶ್ವವಿದ್ಯಾಲಯಕ್ಕೆ ಕೊಡುವುದಾದರೆ ವಿಭಾಗದ ಒಪ್ಪಿಗೆ ಸಾಲದು, ವ್ಯವಸ್ಥಾಪನ ಮಂಡಳಿಯ ಒಪ್ಪಿಗೆ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ.

ನಗದಾಗಿ ಕೊಡಬೇಡಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ತೆರಿಗೆ ಕಡಿತ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಹೇಗೆ ಕೊಟ್ಟರೂ 80ಜಿ ಕಡಿತ ಸಿಗದು. ಕೊಡುವ ಮೊದಲೇ ಅದು ಗೊತ್ತಿದ್ದರೆ ಆಮೇಲೆ ಸಂಘದವರ ಮೇಲೆ ಬೇಸರ ಹುಟ್ಟುವುದಿಲ್ಲ. ಕಡಿತ ಬೇಕಿದ್ದವರಿಗೆ ಸಂಸ್ಥೆ ತೆರಿಗೆ ಪೋರ್ಟಲಿನಿಂದ ತೆಗೆದ ದಾನದ ಪ್ರಮಾಣಪತ್ರ ಕೊಡಬೇಕು, ಕೈಬರಹದ ರಸೀದಿ ಸಾಲದು.

ವಿದೇಶದ ಹಣದಲ್ಲಿ ಎಚ್ಚರ ಬೇಕು. ದುಬೈಯಲ್ಲಿರುವ ಮಗನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ ಅವನು ತನ್ನ ಗಳಿಕೆಯಿಂದ ಕೊಡುವುದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಮಗಳು ಕೊಟ್ಟರೆ ಎನಿಸುತ್ತದೆ, ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ಇದ್ದರೂ. ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ) ನೋಂದಣಿ ಇಲ್ಲದೆ ಆ ಹಣವನ್ನು ತೆಗೆದುಕೊಂಡರೆ ಅಪರಾಧವಾಗುತ್ತದೆ, ನೂರು ಡಾಲರಾದರೂ ಅಷ್ಟೆ.

ಸ್ವಂತ ಟ್ರಸ್ಟೇ ಆಗಬೇಕೆಂದರೆ

ಟ್ರಸ್ಟ್ ಪತ್ರವನ್ನು ವಕೀಲರಿಂದ ಬರೆಸಿ, ಆದರೆ ಯಾರದ್ದೋ ಹಳೆಯ ಪತ್ರದಲ್ಲಿ ಹೆಸರು ಬದಲಿಸಿ ಕೊಟ್ಟದ್ದನ್ನು ತೆಗೆದುಕೊಳ್ಳಬೇಡಿ. ಟ್ರಸ್ಟಿಗಳು ಐದು ಜನ ಇದ್ದರೆ ಸರಿ. ಐವರೂ ಒಂದೇ ಮನೆಯವರಾಗಿರಬಾರದು. ಕನಿಷ್ಠ ಇಬ್ಬರು ಹೊರಗಿನವರು, ಅದರಲ್ಲೂ ಒಬ್ಬರು ಶಿಕ್ಷಕರು ಇರಲಿ. ಒಬ್ಬರಾದರೂ 40 ವರ್ಷದೊಳಗಿನವರು ಇರಬೇಕು. ಎಲ್ಲರೂ ಎಪ್ಪತ್ತರ ಆಸುಪಾಸಿನವರಾದರೆ ಹತ್ತು ವರ್ಷದಲ್ಲಿ ಸಹಿ ಮಾಡುವವರೇ ಇರುವುದಿಲ್ಲ. ಒಬ್ಬರ ಸ್ಥಾನ ಖಾಲಿಯಾದರೆ ಯಾರು, ಎಷ್ಟು ದಿನದೊಳಗೆ ತುಂಬಬೇಕು ಎಂಬುದೂ ಪತ್ರದಲ್ಲಿರಲಿ. ಕುಟುಂಬದವರಿಗೆ ಸಂಬಳ, ಸಾಲ, ಅವರ ಮಕ್ಕಳಿಗೇ ವಿದ್ಯಾರ್ಥಿವೇತನ ಇವೆಲ್ಲ ನಿಷಿದ್ಧ ಎಂದು ಬರೆಯಿರಿ; ಬರೆಯದಿದ್ದರೂ ಮನೆಯವರಿಗೆ ಅನುಚಿತ ಲಾಭ ಹೋಗುವುದಕ್ಕೆ ತೆರಿಗೆ ಕಾನೂನು ಬಿಡುವುದಿಲ್ಲ.

ಟ್ರಸ್ಟ್ ಹುಟ್ಟಿದ ಮೂರು ತಿಂಗಳೊಳಗೆ, ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ 1950ರ ಅಡಿಯಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಮುಂಬಯಿಯವರಿಗೆ ಕಚೇರಿ ವರಳಿಯ ಅನಿ ಬೆಸೆಂಟ್ ರಸ್ತೆಯಲ್ಲಿದೆ, ಅರ್ಜಿ ಆನ್‌ಲೈನಿನಲ್ಲಿ. ಜೊತೆಗೆ ಬೇಕಾದವು: ಟ್ರಸ್ಟ್ ಪತ್ರ, ಪ್ರತಿ ಟ್ರಸ್ಟಿಯ ಒಪ್ಪಿಗೆ ಪತ್ರ ಮತ್ತು ಗುರುತಿನ, ವಿಳಾಸದ ದಾಖಲೆ, ಅಫಿಡವಿಟ್, ಕಚೇರಿಯ ವಿಳಾಸಕ್ಕೆ ಮನೆ ಅಥವಾ ಅಂಗಡಿ ಮಾಲೀಕರ ನಿರಾಕ್ಷೇಪಣಾ ಪತ್ರ, ಈಚಿನ ಲೈಟ್ ಬಿಲ್. ಕನ್ನಡದಲ್ಲಿರುವ ಯಾವುದೇ ಕಾಗದಕ್ಕೆ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಜೋಡಿಸಿ. ಅರ್ಜಿ ತಡವಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಆಧಾರ್, ಪ್ಯಾನ್, ಟ್ರಸ್ಟ್ ಪತ್ರದಲ್ಲಿ ಹೆಸರಿನ ಕಾಗುಣಿತ ಮೂರು ಬಗೆಯಾಗಿರುವುದು (ಇನಿಷಿಯಲ್ ಬರೆಯುವ ನಮ್ಮ ರೂಢಿ ಮಹಾರಾಷ್ಟ್ರದ ಅರ್ಜಿಗಳಿಗೆ ಒಗ್ಗುವುದಿಲ್ಲ, ತಂದೆಯ ಹೆಸರು, ಮನೆತನದ ಹೆಸರು ಬಿಡಿಸಿ ಬರೆಯಿರಿ), ಮತ್ತು ಲೈಟ್ ಬಿಲ್ಲಿನ ಹೆಸರು ತೀರಿಕೊಂಡ ಹಿರಿಯರದ್ದೇ ಆಗಿರುವುದು. ಎರಡನ್ನೂ ಮೊದಲೇ ಸರಿಪಡಿಸಿಕೊಳ್ಳಿ. ನೋಂದಣಿಗೆ ತಿಂಗಳುಗಳೇ ಹಿಡಿಯುತ್ತವೆ, ಆದ್ದರಿಂದ ಮೊದಲ ವರ್ಷದ ಬಹುಮಾನವನ್ನು ಆತುರದಲ್ಲಿ ಘೋಷಿಸಬೇಡಿ.

ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ತೆರಿಗೆ ವಿನಾಯಿತಿಯ ನೋಂದಣಿ. ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಕೆಲಸ ಶುರುವಾದ ಆರು ತಿಂಗಳೊಳಗೆ ಅದನ್ನು ನಿಯಮಿತ ನೋಂದಣಿಯಾಗಿಸಲು ಮತ್ತೆ ಅರ್ಜಿ ಹಾಕಬೇಕು. ಇದನ್ನು ಮರೆತು ವಿನಾಯಿತಿ ಕಳೆದುಕೊಂಡ ಟ್ರಸ್ಟುಗಳು ಎಷ್ಟೋ ಇವೆ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುವುದರಿಂದ ಕಲಮು, ಫಾರಮ್ಮುಗಳ ಸಂಖ್ಯೆ ಬದಲಾಗುತ್ತವೆ. 12ಎ (ಟ್ರಸ್ಟಿನ ವಿನಾಯಿತಿ), 80ಜಿ ಎಂದು ಬಾಯಲ್ಲಿ ಉಳಿದರೂ ಅರ್ಜಿಯಲ್ಲಿ ಯಾವ ಸಂಖ್ಯೆ ಎಂದು ಲೆಕ್ಕಪರಿಶೋಧಕರನ್ನು ಕೇಳಿಯೇ ತುಂಬಿ.

ಇನ್ನು ಬದಲಾವಣೆ ವರದಿ. ಒಬ್ಬ ಟ್ರಸ್ಟಿ ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ, ಹೊಸಬರು ಬಂದರೆ, ವಿಳಾಸ ಬದಲಾದರೆ 90 ದಿನದೊಳಗೆ ಧರ್ಮಾದಾಯ ಕಚೇರಿಗೆ ವರದಿ ಸಲ್ಲಿಸಬೇಕು. ಇದೊಂದನ್ನು ಬಿಟ್ಟದ್ದರಿಂದ ಹಾಳಾದ ದತ್ತಿಗಳು ಬೇರೆಲ್ಲ ಕಾರಣಗಳಿಂದ ಹಾಳಾದವಕ್ಕಿಂತ ಹೆಚ್ಚು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಇಬ್ಬರು ಸಹಿದಾರರಲ್ಲಿ ಒಬ್ಬರು ಹೋಗುತ್ತಾರೆ. ಬ್ಯಾಂಕು ಹೊಸ ಸಹಿಗೆ ಧರ್ಮಾದಾಯ ಕಚೇರಿಯ ಉತಾರೆ ಕೇಳುತ್ತದೆ. ಉತಾರೆಯಲ್ಲಿ ಇಪ್ಪತ್ತು ವರ್ಷದ ಹಿಂದಿನ ಹೆಸರುಗಳಿರುತ್ತವೆ. ಅವರಲ್ಲಿ ಮೂವರು ತೀರಿಕೊಂಡಿದ್ದು ಮರಣ ಪ್ರಮಾಣಪತ್ರ ಊರಿನ ಪಂಚಾಯತಿಯಲ್ಲಿರುತ್ತದೆ. ಹಣ ಬ್ಯಾಂಕಿನಲ್ಲೇ ಇರುತ್ತದೆ, ಮುಟ್ಟಲಾಗುವುದಿಲ್ಲ. ಮೂರು ಸಹಿದಾರರಲ್ಲಿ ಯಾರಾದರೂ ಇಬ್ಬರು ಎಂಬ ಏರ್ಪಾಡು ಮಾಡಿ, ಪ್ರತಿ ಏಪ್ರಿಲ್‌ನಲ್ಲಿ ಉತಾರೆ ತೆಗೆದು ಹೆಸರು ಹೊಂದಿಸಿ ನೋಡಿ.

ಟ್ರಸ್ಟಿನ ಹೆಸರಿನಲ್ಲಿ ಜಾಗವೋ ಫ್ಲ್ಯಾಟೋ ಇದ್ದರೆ ಅದನ್ನು ಆಯುಕ್ತರ ಪೂರ್ವಾನುಮತಿ ಇಲ್ಲದೆ ಮಾರಲಾಗದು. ಕಟ್ಟಡವನ್ನು ಮೂರು ವರ್ಷ ಮೀರಿದ ಗುತ್ತಿಗೆಗೂ ಕೊಡಲಾಗದು. ಆದ್ದರಿಂದ ಹಳೆಯ ಖೋಲಿಯನ್ನು ಟ್ರಸ್ಟಿಗೆ ಕೊಡುವ ಬದಲು ಮಾರಿ ಬಂದ ಹಣವನ್ನು ಕೊಡುವುದು ಸಣ್ಣ ದತ್ತಿಗಳಿಗೆ ಸುಲಭ.

ಕೊಡುವ ಕ್ರಮ

ಹತ್ತನೆಯ, ಹನ್ನೆರಡನೆಯ ತರಗತಿಯ ಫಲಿತಾಂಶ ಮೇ ತಿಂಗಳ ಆಸುಪಾಸಿನಲ್ಲಿ ಬರುತ್ತದೆ, ಶುಲ್ಕ ಕಟ್ಟುವ ದಿನ ಜೂನ್–ಜುಲೈ. ಆದರೆ ನಮ್ಮ ಸಂಘಗಳು ಹಣ ಕೊಡುವುದು ವಾರ್ಷಿಕೋತ್ಸವದಲ್ಲಿ, ಡಿಸೆಂಬರಿನಲ್ಲೋ ಜನವರಿಯಲ್ಲೋ. ಅಷ್ಟರಲ್ಲಿ ಆ ಮನೆಯವರು ಬಡ್ಡಿಗೆ ಸಾಲ ತಂದಿರುತ್ತಾರೆ. ಹಣ ಜುಲೈಯಲ್ಲಿ ಕೊಡಿ, ಹಾರ ಜನವರಿಯಲ್ಲಿ ಹಾಕಿ. ಅರ್ಜಿ ಎಪ್ರಿಲ್ ಕೊನೆಗೇ ಹಂಚಿ. ಒಂದು ಪುಟ ಮೀರದಿರಲಿ. ಅಂಕಪಟ್ಟಿ, ಮನೆಯ ಆದಾಯ, ಕಟ್ಟಬೇಕಾದ ಶುಲ್ಕದ ಚೀಟಿ ಇಷ್ಟು ಸಾಕು. ನೂರಕ್ಕೆ 40 ಅಂಕ ಓದಿಗೆ, 60 ಅಗತ್ಯಕ್ಕೆ ಎಂದು ಲೆಕ್ಕ ಹಾಕಿದರೆ ಹಣ ಬೇಕಾದವರಿಗೆ ಮುಟ್ಟುತ್ತದೆ. ಬರೀ ಅಂಕಕ್ಕೆ ಕೊಟ್ಟರೆ ಟ್ಯೂಷನ್ನಿಗೆ ಹೋದವರಿಗೇ ಮತ್ತೆ ಹೋಗುತ್ತದೆ. ಶುಲ್ಕವನ್ನು ನೇರ ಕಾಲೇಜಿನ ಖಾತೆಗೆ, ಉಳಿದದ್ದನ್ನು ವಿದ್ಯಾರ್ಥಿಯ ಖಾತೆಗೆ ಹಾಕಿ.

ಹತ್ತು ಮಂದಿಗೆ 3,000ದಂತೆ ಹಂಚಿದರೆ ಫೋಟೋ ದೊಡ್ಡದಾಗುತ್ತದೆ, ಯಾರ ಓದೂ ಮುಂದೆ ಸಾಗುವುದಿಲ್ಲ. ಅದೇ 30,000ವನ್ನು ಒಬ್ಬಳೇ ಹುಡುಗಿಗೆ, ಅವಳ ಪದವಿ ಮುಗಿಯುವವರೆಗೆ ಮೂರು ವರ್ಷ ಕೊಡಿ. ಪ್ರತಿ ವರ್ಷ ಪಾಸಾಗುವುದೊಂದೇ ಷರತ್ತು. ಕಾಯಿಲೆಯಿಂದ ಒಂದು ವರ್ಷ ತಪ್ಪಿದರೆ ಕಾಯುವ ಅಧಿಕಾರವನ್ನು ಸಮಿತಿಗೆ ಕೊಟ್ಟಿರಿ.

ಹೆಸರಿನ ಕಲ್ಲು, ಬದುಕಿನ ಟಿಪ್ಪಣಿ

ಫಲಕ ಹಾಕಿಸುವುದಾದರೆ ಗ್ರಾನೈಟಿನಲ್ಲಿ ಕೆತ್ತಿಸಿ, ಬಣ್ಣ ಬಳಿದದ್ದು ಮುಂಬಯಿಯ ಮಳೆಗಾಳಿಗೆ ಕೆಲವೇ ವರ್ಷದಲ್ಲಿ ಮಾಸುತ್ತದೆ. ಹತ್ತು ಅಡಿ ದೂರದಿಂದ ಓದಲು ಅಕ್ಷರ ಒಂದು ಇಂಚು ಎತ್ತರ ಇರಬೇಕು. ಕನ್ನಡ ಒತ್ತಕ್ಷರಗಳಿಗೆ ಸಾಲುಗಳ ನಡುವೆ ದೇವನಾಗರಿಗಿಂತ ಹೆಚ್ಚು ಜಾಗ ಬಿಡಿಸಿ. ಕನ್ನಡ ಬಾರದ ಕೆತ್ತನೆಗಾರ ಒತ್ತನ್ನು ಕೆಳಗಿನ ಸಾಲಿಗೆ ತಾಗಿಸಿಬಿಡುತ್ತಾನೆ, ಕಾಗದದ ಮೇಲೆ ಪೂರ್ಣ ಅಳತೆಯ ನಕ್ಷೆ ಕೊಟ್ಟು, ಕೆತ್ತುವ ಮೊದಲು ಹೋಗಿ ನೋಡಿ.

ಕಲ್ಲಿಗಿಂತ ಮುಖ್ಯವಾದದ್ದು ಹಿರಿಯರ ಬದುಕಿನ ಎರಡು ಪುಟದ ಟಿಪ್ಪಣಿ. ಹುಟ್ಟಿದ ಊರು, ವರ್ಷ, ಮುಂಬಯಿಗೆ ಬಂದ ವರ್ಷ, ಮೊದಲ ಕೆಲಸ, ಓದಿದ ಶಾಲೆ, ಯಾರು ನೆರವಾದರು, ಏನು ಕಳೆದುಕೊಂಡರು, ಈ ದತ್ತಿ ಯಾಕೆ. ‘ಆದರ್ಶ ಪುರುಷ, ಕೊಡುಗೈ ದಾನಿ’ ಎಂಬ ಮಾತುಗಳನ್ನು ಬಿಟ್ಟುಬಿಡಿ. ಅವನ್ನು ಓದಿದ ಹುಡುಗಿಗೆ ಯಾರ ಮುಖವೂ ಕಾಣುವುದಿಲ್ಲ. ಸೋಲನ್ನೂ ಬರೆಯಿರಿ. ಪ್ರೇಮಚಂದರ ದಿವಾಳಿಯನ್ನು ಬಿಟ್ಟು ಗೋಪುರದ ಕಥೆ ಹೇಳಿದರೆ ಅರ್ಧವೇ ಹೇಳಿದಂತೆ. ಮನೆಯಲ್ಲಿ ಹಿರಿಯರ ಓರಗೆಯವರು ಇನ್ನೂ ಇದ್ದರೆ ಇದೇ ತಿಂಗಳು ಅವರ ಬಳಿ ಕೂತು ವರ್ಷಗಳನ್ನು ಖಚಿತ ಮಾಡಿಕೊಳ್ಳಿ, ರೇಷನ್ ಕಾರ್ಡು, ಶಾಲೆಯ ದಾಖಲೆ, ಹಳೆಯ ಬಾಡಿಗೆ ರಸೀದಿಗಳೊಡನೆ ತಾಳೆ ನೋಡಿ.

ಆ ಟಿಪ್ಪಣಿ, ದತ್ತಿಯ ಪತ್ರ, ಸಮಿತಿಯ ನಿರ್ಣಯ, ಠೇವಣಿ ರಸೀದಿಯ ನಕಲು ಈ ನಾಲ್ಕನ್ನೂ ಸೇರಿಸಿ ಮೂರು ಕಡತ ಮಾಡಿ. ಒಂದು ಸಂಘದ ಕಪಾಟಿಗೆ, ಒಂದು ಲೆಕ್ಕಪರಿಶೋಧಕರಿಗೆ, ಒಂದು ಮನೆಯ ಕಿರಿಯ ಸೊಸೆಗೋ ಮೊಮ್ಮಗನಿಗೋ. ಟಿಪ್ಪಣಿಯ ನಾಲ್ಕನೆಯ ಪ್ರತಿ, ಪ್ರತಿ ಜುಲೈಯಲ್ಲಿ, ಹಣದ ಪತ್ರದ ಜೊತೆ ವಿದ್ಯಾರ್ಥಿಯ ಮನೆಗೆ ಹೋಗಬೇಕು.